ನವನಗರ ಎಣಿಕೆಶಾಸ್ತ್ರ ಪ್ರವೇಶಿಕೆ

ಪೀಠಿಕೆ

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಬಂತು, ಹಿನ್ನೀರು ಹಳೇ ಬಾಗಲಕೋಟೆಗೆ ನುಗ್ಗಿತು, ಊರು ಮೇಲಕ್ಕೆ ಸರಿದು ನವನಗರವಾಯಿತು. ಅಗಸಿ, ಓಣಿ, ಗುಡಿ ಹೇಳಿ ಮನೆ ತೋರಿಸುತ್ತಿದ್ದ ಮಂದಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಹೇಳತೊಡಗಿದರು. ವಿಳಾಸವೇ ಅಂಕಿಯಾದ ಊರಿನಲ್ಲಿ ಹುಟ್ಟದ ಎಣಿಕೆಶಾಸ್ತ್ರ ಇನ್ನೆಲ್ಲಿ ಹುಟ್ಟೀತು? ವಿಶ್ವವಿದ್ಯಾಲಯದ ಹುಡುಗರು ‘ಕ್ರಮಯೋಜನೆ, ವಿಕಲ್ಪ’ ಎಂದು ಗಿಣಿಪಾಠ ಒಪ್ಪಿಸುವ ವಿಷಯವನ್ನು ಇಲ್ಲಿ ಸ್ಥಳೀಯ ಪ್ರಮಾಣಗಳಿಂದ ಸಾಧಿಸಲಾಗಿದೆ.

ಪ್ರಮೇಯ 1: ಖಾನಾವಳಿ

ರೊಟ್ಟಿಗೆ ನಂಜಿಕೊಳ್ಳಲು ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಉಳ್ಳಾಗಡ್ಡಿ ಎಂದು ಆರು ಇವೆ ಎನ್ನೋಣ. ಒಂದೊಂದನ್ನೂ ಹಾಕಿಸಿಕೊಳ್ಳಬಹುದು, ಬಿಡಬಹುದು. ಹೀಗೆ 64 ಬಗೆ. ಬರೀ ರೊಟ್ಟಿ ಕಡಿಯುವ ದುರ್ಗತಿಯನ್ನು ಕಳೆದರೆ 63. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಇಷ್ಟರಲ್ಲಿ ಇಷ್ಟನ್ನು ಆರಿಸುವ ಸಾಮಾನ್ಯ ಸೂತ್ರ ಕೊಟ್ಟು, ಆರು ರಸಗಳ ಬೆರಕೆ ಎಷ್ಟೆಂದು ಕೇಳಿದ್ದಾರೆ. ಉತ್ತರ 6, 15, 20, 15, 6, 1. ಕೂಡಿದರೆ ಅದೇ 63. ಆಚಾರ್ಯರು ಖಾನಾವಳಿಯಲ್ಲಿ ಉಂಡಿದ್ದರೆನ್ನಲು ಇನ್ನೇನು ಪುರಾವೆ ಬೇಕು?

ಆಕ್ಷೇಪ: ಗಿರಾಕಿ ಇವುಗಳಲ್ಲಿ ಯಾವುದನ್ನು ಆರಿಸುವನು? ಸಮಾಧಾನ: ನೀಡುವ ಅಕ್ಕನ ಆಪ್ತವಾಕ್ಯವೇ ಪ್ರಮಾಣ, “ಎಲ್ಲಾ ನೀಡೇನ್ರಿ, ಸುಮ್ಮನ ಉಣ್ರಿ.” ಫಲಿತಾಂಶ 1.

ಪ್ರಮೇಯ 2: ಇಳಕಲ್ಲ

ಸೀರೆಯ ಒಡಲು ಸಾದಾ, ಗೆರೆ, ಚೌಕಡಿ ಎಂದು ಮೂರು. ದಡಿ ಗೋಮಿ, ಗಾಡಿ, ಚಿಕ್ಕಿ, ಪರಾಸಪೇಟ ಎಂದು ನಾಲ್ಕು. ಬಣ್ಣ ಹತ್ತೆಂದು ಹಿಡಿದರೆ 3 × 4 × 10, ಅಂದರೆ 120. ಸೆರಗನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೊಂಡಿ ಹಾಕಿ ಕೂಡಿಸಿದ ಕೆಂಪು ಸೆರಗಿನಲ್ಲಿ ಬಿಳಿ ತೆನೆ ಇರುವುದು ಸ್ವಯಂಸಿದ್ಧ. ಮದುವೆ ಜವಳಿಗೆ ಬಂದವರು ಅಷ್ಟೂ ಸೀರೆ ಬಿಚ್ಚಿಸಿದ ಮೇಲೆ ಮೂಲೆಯಲ್ಲಿ ಕುಳಿತ ಅಜ್ಜಿ ಬಾಯಿ ತೆರೆಯುತ್ತಾಳೆ: “ಮೊದಲ ತೋರಿಸಿದ್ದ ಛಲೋ ಇತ್ತು, ಅದನ್ನ ಕಟ್ರಿ.” ಫಲಿತಾಂಶ 1.

ಪ್ರಮೇಯ 3: ಬನಶಂಕರಿ

ಪುಷ್ಯ ಮಾಸದ ಜಾತ್ರೆಯಲ್ಲಿ ಐವರು ಗುಡಿಯ ಹೊರಗೆ ಚಪ್ಪಲಿ ಬಿಟ್ಟರು. ತಿರುಗಿ ಬಂದು ಕಾಲಿಗೆ ಸಿಕ್ಕ ಜೋಡು ಮೆಟ್ಟಿದರೆ 120 ಬಗೆ. ಅವುಗಳಲ್ಲಿ ಒಬ್ಬರಿಗೂ ತಮ್ಮದು ದಕ್ಕದ ಬಗೆ 44. ಮಂದಿ ಐವರಿರಲಿ, ಐದು ಸಾವಿರವಿರಲಿ, ಈ ಪಾಲು ಶೇಕಡಾ 37ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಶಾಸ್ತ್ರ ಎಲ್ಲರೂ ನೋಡದೆ ಮೆಟ್ಟುವರೆಂದು ನಂಬಿದೆ. ಮೊದಲು ಹೊರಬಿದ್ದವನಿಗೆ ಹೊಸ ಜೋಡು ಯಾವುದೆಂದು ಕತ್ತಲಲ್ಲೂ ಕಾಣುತ್ತದೆ. ಫಲಿತಾಂಶ 1.

ಪ್ರಮೇಯ 4: ಬಾದಾಮಿ

ತ್ರಿಪದಿಗೆ 11 ಗಣ. 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದ ಒಂಬತ್ತು ವಿಷ್ಣುಗಣ. ಲಕ್ಷಣಗ್ರಂಥಗಳ ಪ್ರಸ್ತಾರದಂತೆ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8. ಗುಣಿಸಿದರೆ 2,14,74,83,648, ಅಂದರೆ 2ರ 31ನೆಯ ಘಾತ. ಕಂಪ್ಯೂಟರಿನ 32 ಬಿಟ್‌ಗಳ ಸಾಮಾನ್ಯ ಪೂರ್ಣಾಂಕದಲ್ಲಿ ಹಿಡಿಸುವ ಅತಿದೊಡ್ಡ ಸಂಖ್ಯೆಗಿಂತ ಇದು ಸರಿಯಾಗಿ ಒಂದು ಹೆಚ್ಚು. ಆದ್ದರಿಂದ ಬಾದಾಮಿಯ ಬಂಡೆಯ ಮೇಲಿನ, ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನ ಕಂಪ್ಯೂಟರಿನ ಮಿತಿಯನ್ನು ಸಾವಿರದ ಮುನ್ನೂರು ವರ್ಷ ಮೊದಲೇ ಮೀರಿತ್ತೆಂದು ಈ ಲೇಖಕನ ಘೋಷಣೆ. ಇದನ್ನು ಒಪ್ಪದವರು ತ್ರಿಪದಿಗಳನ್ನು ಒಂದೊಂದಾಗಿ ಎಣಿಸಿಕೊಳ್ಳಬಹುದು. ಇಷ್ಟು ಕೋಟಿಗಳಲ್ಲಿ ಶಾಸನಕವಿ ಒಂದೊಂದು ತ್ರಿಪದಿಗೂ ಒಂದೇ ರೂಪವನ್ನು ಆರಿಸಿ ಕಲ್ಲಿಗೆ ಹಾಕಿಸಿದ. ಇಲ್ಲಿಯೂ ಫಲಿತಾಂಶ 1; ಆದರೆ ಈ ಒಂದನ್ನು ಅಕ್ಕನೂ ಅಜ್ಜಿಯೂ ಕೊಡಲಿಲ್ಲ, ಕವಿಯೇ ಆರಿಸಿದ.

ಉಪಸಂಹಾರ

ಬಗೆ ಎಷ್ಟೆಂದು ಹೇಳುವುದು ಶಾಸ್ತ್ರ. ಯಾವುದು ಎಂದು ಹೇಳುವವರು ಬೇರೆ. ವಿದ್ಯಾರ್ಥಿಗಳಿಗೆ ಸೂಚನೆ: ಪರೀಕ್ಷೆಯಲ್ಲಿ 63, 120, 44 ಎಂದೇ ಬರೆಯಿರಿ. 1 ಎಂದು ಬರೆದವರಿಗೆ ಅಂಕ ಸಿಗುವುದಿಲ್ಲ. ಅದು ನಿಜವಾದರೂ ಪಠ್ಯಕ್ರಮದಲ್ಲಿಲ್ಲ.