ರಾಕೆಟ್ ವಿದ್ಯೆಯು ಕೇಶಶೃಂಗಾರದ ಉಪಶಾಖೆಯೆಂಬ ಸಿದ್ಧಾಂತ ಸ್ಥಾಪನೆ

ರಾಕೆಟ್ ವಿದ್ಯೆ ಭೌತಶಾಸ್ತ್ರದ ಸಂತಾನವೆಂದು ಪಂಡಿತರು ನಂಬಿದ್ದಾರೆ. ಈ ವಂಶಾವಳಿಯನ್ನು ತಿದ್ದುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮೂಲಪ್ರಮಾಣ, 1818ರಲ್ಲಿ ಫ್ರಾನ್ಸಿನ ಲೂಯಿ ಜಾಕ್ ಥೆನಾರ್ ಕಂಡುಹಿಡಿದ ಹೈಡ್ರೋಜನ್ ಪೆರಾಕ್ಸೈಡ್. ನೋಡಲು ನೀರು, ಆದರೆ ಅಣುವಿನಲ್ಲಿ ಒಂದು ಆಮ್ಲಜನಕ ಹೆಚ್ಚು, ಅದೂ ಹೊರಟುಹೋಗಲು ತುದಿಗಾಲಲ್ಲಿ ನಿಂತದ್ದು. ಶೇಕಡಾ 3ರ ದ್ರಾವಣ ಗಾಯದ ಮೇಲೆ ಬುರುಬುರು ನೊರೆಯೇಳಿಸುತ್ತದೆ. ಶೇಕಡಾ 6ರದ್ದು ಕಪ್ಪು ಕೂದಲನ್ನು ಹೊಂಬಣ್ಣಕ್ಕೆ ತರುತ್ತದೆ. ಶೇಕಡಾ 85ರದ್ದು ಉಪಗ್ರಹವನ್ನೇ ಮೇಲೆತ್ತುತ್ತದೆ. ಕೂದಲಿನ ಕೆಲಸ 19ನೇ ಶತಮಾನದ್ದು, ರಾಕೆಟ್ಟಿನದು 20ನೆಯದರದ್ದು. ಹಿರಿಯರು ಯಾರೆಂದು ಬೇರೆ ಹೇಳಬೇಕೆ?

ಪೂರ್ವಪಕ್ಷದವರು ಸಾಂದ್ರತೆಯ ತಕರಾರು ಎತ್ತುತ್ತಾರೆ: ಆರೆಲ್ಲಿ, ಎಂಬತ್ತೈದೆಲ್ಲಿ? ನೀರುಮಜ್ಜಿಗೆಯೂ ಗಟ್ಟಿಮೊಸರೂ ಒಂದೇ ಕೊಟ್ಟಿಗೆಯವೆಂಬುದನ್ನು ಇವರು ಮರೆತಿದ್ದಾರೆ. ಬ್ರಿಟನ್ನಿನ ಬ್ಲ್ಯಾಕ್ ಆರೋ ರಾಕೆಟ್ಟಿನ ಎಂಜಿನ್ನನ್ನೇ ನೋಡಿ. ಗಟ್ಟಿ ಪೆರಾಕ್ಸೈಡನ್ನು ಬೆಳ್ಳಿಲೇಪಿತ ಜಾಲರಿಯ ಮೂಲಕ ತಳ್ಳಿದರೆ ಅದು ಕ್ಷಣದಲ್ಲಿ ಒಡೆದು ಸುಮಾರು 600 ಡಿಗ್ರಿಯ ಹಬೆಯೂ ಆಮ್ಲಜನಕವೂ ಆಗುತ್ತದೆ; ಅದರೊಳಕ್ಕೆ ಸೀಮೆಎಣ್ಣೆ ಚಿಮ್ಮಿಸಿದರೆ ಸಾಕು, ಕಡ್ಡಿ ಗೀರುವ ಕೆಲಸವಿಲ್ಲ, ತಾನಾಗಿ ಹೊತ್ತಿಕೊಳ್ಳುತ್ತದೆ. ಜ್ವಾಲೆ ಕಣ್ಣಿಗೆ ಕಂಡೂ ಕಾಣದಷ್ಟು ತಿಳಿ. ಕೂದಲಲ್ಲೂ ನಡೆಯುವುದು ಆಮ್ಲಜನಕದ ದಾನವೇ. ಅಲ್ಲಿ ಬಣ್ಣ ಹೋಗುತ್ತದೆ, ಇಲ್ಲಿ ರಾಕೆಟ್ಟೇ ಹೋಗುತ್ತದೆ.

ಬ್ಯೂಟಿ ಪಾರ್ಲರುಗಳು ಆಕಾಶಕ್ಕೆ ಹಾರಿದ್ದುಂಟೇ ಎಂಬುದು ಎರಡನೆಯ ಆಕ್ಷೇಪ. ಹಾರದಿರುವುದು ಅವರ ವಿದ್ವತ್ತಿಗೆ ಸಾಕ್ಷಿ. ತುಕ್ಕು, ಧೂಳು, ತಾಮ್ರದ ಚೂರು ಯಾವುದು ತಗುಲಿದರೂ ಈ ದ್ರವ ಕೆರಳುತ್ತದೆ; ಪಾರ್ಲರಿನವರು ತೆಳು ಮಾಡಿದ್ದನ್ನು ತಂಪಿನಲ್ಲಿಟ್ಟು ಬದುಕಿಕೊಂಡರು. ಎಂಜಿನಿಯರುಗಳು ಗಟ್ಟಿಯಾದದ್ದನ್ನು ಜಲಾಂತರ್ಗಾಮಿಗೇ ತುಂಬಿದರು. ಬ್ರಿಟಿಷ್ ನೌಕಾಪಡೆಯ 'ಎಕ್ಸ್‌ಪ್ಲೋರರ್' ನೌಕೆಗೆ ನಾವಿಕರು ಇಟ್ಟ ಅಡ್ಡಹೆಸರು 'ಎಕ್ಸ್‌ಪ್ಲೋಡರ್'. ಶಾಸ್ತ್ರ ಓದಿದವರು ಯಾರು, ಓದದವರು ಯಾರು ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಈಗಿನ ದೊಡ್ಡ ರಾಕೆಟ್ಟುಗಳು ದ್ರವ ಆಮ್ಲಜನಕವನ್ನು ನೆಚ್ಚಿಕೊಂಡಿವೆಯಲ್ಲ ಎನ್ನುವವರುಂಟು. ಮೈನಸ್ 183 ಡಿಗ್ರಿಯಲ್ಲಿ ಮಾತ್ರ ಸಮಾಧಾನದಿಂದಿರುವ ಪದಾರ್ಥವದು. ಅದನ್ನು ನೆಚ್ಚಿದ ಸೋಯುಜ್ ರಾಕೆಟ್ಟಿನಲ್ಲೂ ಪಂಪು ತಿರುಗಿಸಲು ಪೆರಾಕ್ಸೈಡೇ ಬೇಕು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದದ್ದೂ ಹೀಗೆಯೇ, ಪಾರ್ಲರಿನ ಪರೋಕ್ಷ ಕೃಪೆಯಿಂದ.

ಇನ್ನೂ ಒಪ್ಪದವರಿಗೆ ಒಂದು ಪ್ರಮಾಣ ಉಳಿದಿದೆ. ಕೆಂಪು ಮೂತಿಯ ಬ್ಲ್ಯಾಕ್ ಆರೋಗೆ ಜನ ಇಟ್ಟ ಹೆಸರು 'ಲಿಪ್‌ಸ್ಟಿಕ್ ರಾಕೆಟ್'. 1971ರ ಅಕ್ಟೋಬರ್ 28ರಂದು ಆಸ್ಟ್ರೇಲಿಯಾದ ವೂಮೆರಾದಿಂದ ಅದು ಪ್ರಾಸ್ಪೆರೊ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಬ್ರಿಟಿಷ್ ಸರ್ಕಾರ ಜುಲೈನಲ್ಲೇ ಯೋಜನೆಯನ್ನು ರದ್ದು ಮಾಡಿಯಾಗಿತ್ತು. ರಾಕೆಟ್ ತಯಾರಿದೆಯಲ್ಲ, ಹಾರಿಹೋಗಲಿ ಎಂದು ಬಿಟ್ಟರಷ್ಟೆ. ಆ ಯೋಜನೆ ಪಾರ್ಲರಿನವರ ಕೈಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ; ತಲೆಗೆ ಬಣ್ಣ ಹಚ್ಚುತ್ತಿರುವಾಗಲೇ ಗಿರಾಕಿಯನ್ನು ಕುರ್ಚಿಯಿಂದ ಎಬ್ಬಿಸುವ ಪದ್ಧತಿ ಅವರಲ್ಲಿಲ್ಲ.