ಶೇಂಗಾ ಬರ್ಲಿ ತಗಳಣ್ಣ

ಪತ್ರಿಕೆಗಳಲ್ಲಿ ಮನೆಯ ಹಣಕಾಸಿನ ಬಗ್ಗೆ ಸಲಹೆ ಕೊಡುವವರೆಲ್ಲ ಒಂದೇ ಕಡೆಯಿಂದ ಶುರು ಮಾಡುತ್ತಾರೆ. ಸಂಬಳ ಬಂದ ದಿನವೇ ಅದನ್ನು ಮೂರು ಪಾಲು ಮಾಡಿ. ಅರ್ಧ ಅಗತ್ಯಕ್ಕೆ, ಶೇ 30 ಆಸೆಗೆ, ಶೇ 20 ಉಳಿತಾಯಕ್ಕೆ. ಓದುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆ ಕಟ್ಟೆಯ ಮೇಲೆ ಕೂತು ಓದುವವನು ಮೊದಲ ಸಾಲಿನಲ್ಲೇ ನಿಂತುಬಿಡುತ್ತಾನೆ. ಸಂಬಳ ಯಾರದು? ಯಾವ ದಿನ? ಇಲ್ಲಿ ದುಡ್ಡು ಬರುವುದು ವರ್ಷಕ್ಕೊಂದು ಸಲ, ಶೇಂಗಾ ಮಾರಿದಾಗ. ಅದೂ ಬಿತ್ತುವಾಗ ಮಳೆ ಬಂದಿದ್ದರೆ, ಹೂ ಬಿಡುವಾಗ ಮತ್ತೊಮ್ಮೆ ಬಂದಿದ್ದರೆ, ಕೀಳುವಾಗ ಬಾರದೇ ಇದ್ದರೆ. ಇಷ್ಟೆಲ್ಲ 'ರೆ'ಗಳನ್ನು ದಾಟಿಕೊಂಡು ಬಂದ ದುಡ್ಡಿನಲ್ಲಿ ಶೇ 30 ಆಸೆಗೆ ಎತ್ತಿಡಿ ಎಂದು ಹೇಳುವವರಿಗೆ ನಮ್ಮ ಕಡೆಯ ಆಸೆಗಳ ದರಪಟ್ಟಿ ಗೊತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಸಂಬಳದವನು, ಅಣ್ಣ ಅತ್ತಿಗೆ ಹೊಲದವರು. ಒಂದೇ ಅಂಗಳದ ಎರಡು ಮನೆಗಳಲ್ಲಿ ಎರಡು ಪಂಚಾಂಗ. ನನ್ನ ಮನೆಯಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು. ಅವರ ಮನೆಯಲ್ಲಿ ಶೇಂಗಾ ಬರುವ ಮುಂಚೆ, ಶೇಂಗಾ ಬಂದ ಮೇಲೆ, ಅಷ್ಟೇ. ತಮಾಷೆಯೆಂದರೆ, ಇಪ್ಪತ್ತನೇ ತಾರೀಖು ದಾಟಿದ ಮೇಲೆ ಕೈಗಡ ಕೇಳುವವನು ನಾನು, ಕೊಡುವವರು ಅತ್ತಿಗೆ. ಎಲ್ಲಿಂದ ತಂದಿರಿ ಎಂದು ಕೇಳುವ ಧೈರ್ಯ ಅಣ್ಣನಿಗೇ ಇಲ್ಲ, ನನಗೆಲ್ಲಿಂದ ಬರಬೇಕು?

"ಶೇಂಗಾ ಬರ್ಲಿ ತಗಳಣ್ಣ, ಕೊಡಾನ." ನಮ್ಮ ಸೀಮೆಯ ಅರ್ಧ ವ್ಯವಹಾರ ಈ ಒಂದು ವಾಕ್ಯದ ಮೇಲೆ ನಿಂತಿದೆ. ಕಿರಾಣಿ ಅಂಗಡಿಯ ಉದ್ರಿ, ಹುಡುಗನ ಫೀಸು, ಅಜ್ಜನ ಕನ್ನಡಕ, ಸೋರುವ ಮಾಳಿಗೆ, ತಂಗಿಯ ಮಗಳ ಕಿವಿ ಚುಚ್ಚಿಸುವುದು, ಎಲ್ಲಕ್ಕೂ ವಾಯಿದೆ ಇದೇ. ಅಂಗಡಿ ಶೆಟ್ಟರ ಉದ್ದನೆಯ ಪುಸ್ತಕದಲ್ಲಿ ಒಂದೊಂದು ಮನೆಗೂ ಒಂದೊಂದು ಹಾಳೆ. ಊರಿನ ನಿಜವಾದ ಹಣಕಾಸು ಮಂತ್ರಿ ಅವರೇ. ಬಜೆಟ್ ಮಂಡಿಸುವುದಿಲ್ಲ, ಬರೀ ಕಡಿತ ಮಾಡುತ್ತಾರೆ. ಆಷಾಢಕ್ಕೆ ಮೋಡ ಕಾಣದಿದ್ದರೆ ಸಾಕು, "ಸಕ್ಕರೆ ಒಂದು ಕೆಜಿ ಯಾಕಕ್ಕಾ, ಅರ್ಧ ಸಾಕಲ್ಲ?" ಎಂದು ತಾವೇ ತೂಕ ಇಳಿಸುತ್ತಾರೆ. ಅವರ ಮೇಲೂ ಒಂದು ಪುಸ್ತಕವಿದೆ, ಚಳ್ಳಕೆರೆಯಲ್ಲೋ ಬಳ್ಳಾರಿಯಲ್ಲೋ. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ತಾನೇ ಎಂದು ಹೇಳಿಕೊಳ್ಳುತ್ತಿದ್ದ ಊರು ಚಳ್ಳಕೆರೆ. ಅಲ್ಲಿನ ಮಿಲ್ಲುಗಳು ತಿರುಗಬೇಕಾದರೆ ಇಲ್ಲಿನ ಹೊಲದಲ್ಲಿ ಕಾಯಿ ಕಟ್ಟಬೇಕು. ಮಳೆ ಒಂದು ಹದ ತಪ್ಪಿದರೆ ಅಜ್ಜನ ಕನ್ನಡಕದಿಂದ ಹಿಡಿದು ಮಿಲ್ಲಿನ ಮೋಟಾರಿನವರೆಗೆ ಎಲ್ಲವೂ ಮುಂದಿನ ವರ್ಷಕ್ಕೆ.

ಹೀಗಿರುವಾಗ ಉಳಿತಾಯವೆಂದರೆ ದುಡ್ಡಲ್ಲ, ಬೀಜ. ಚೆನ್ನಾಗಿ ಒಣಗಿದ, ಅಲ್ಲಾಡಿಸಿದರೆ ಗಲಗಲ ಎನ್ನುವ ಕಾಯಿಯನ್ನು ಆರಿಸಿ, ಚೀಲ ಕಟ್ಟಿ, ನೆಲದಡಿಯ ಹಗೇವು ಹೋಗಿ ಎಷ್ಟೋ ಕಾಲವಾದ್ದರಿಂದ ನಡುಮನೆಯ ಅಟ್ಟದ ಮೇಲೆ ಇಟ್ಟರೆ ಅದಕ್ಕೆ ಕಾವಲು ನಮ್ಮ ಅಜ್ಜಿ. ಮನೆಯಲ್ಲಿ ಕಾಳಿಲ್ಲದ ದಿನವೂ ಆ ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ. ಬ್ಯಾಂಕಿನ ನಿಶ್ಚಿತ ಠೇವಣಿಯನ್ನಾದರೂ ಅವಧಿಗೆ ಮುಂಚೆ ಮುರಿಸಬಹುದು. ಬಿತ್ತನೆಗೆ ಮುಂಚೆ ಕಾಯಿ ಸುಲಿಯಲು ಓಣಿಯ ಹೆಂಗಸರು ಬರುತ್ತಿದ್ದರು, ಸೇರಿಗೆ ಇಷ್ಟು ಅಂತ ಕೂಲಿ. ಸುಲಿಯುವವರ ಕೈ ಬಾಯಿಗೆ ಹೋಗದಿರಲು ಅಜ್ಜಿ ಒಂದು ಉಪಾಯ ಮಾಡಿದ್ದಳು. ನಡುವೆ ಕೂತು ಯಾರದಾದರೂ ಸಂಸಾರದ ಸುದ್ದಿ ತೆಗೆಯುವುದು. ಸುದ್ದಿ ರುಚಿಯಾಗಿದ್ದಷ್ಟೂ ಬೀಜ ಉಳಿಯುತ್ತಿತ್ತು. ಮಾತಾಡುವ ಬಾಯಿ ಅಗಿಯುವುದಿಲ್ಲ. ಬೀಜ ಯಾವುದೆಂದರೆ ಟಿಎಂವಿ-2. ತಮಿಳುನಾಡಿನ ತಿಂಡಿವನಂನಲ್ಲಿ ಸಿದ್ಧವಾಗಿ 1940ರಲ್ಲಿ ಬಿಡುಗಡೆಯಾದ ತಳಿ. ಹೊಸ ಹೊಸ ತಳಿಗಳು ಬಂದವು, ಹೋದವು. ಇದಕ್ಕೆ ಮಾತ್ರ ನಿವೃತ್ತಿಯೇ ಇಲ್ಲ. ನಡೆಯುವ ತನಕ ನಡೆಸುವುದು ನಮ್ಮ ಜನರ ಗುಣ. ಸೈಕಲ್ಲಾಗಲಿ, ತಳಿಯಾಗಲಿ.

ಆ ಗಿಡದಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. ಕಾಳು ಮಿಲ್ಲಿಗೆ, ಬಳ್ಳಿ ದನಕ್ಕೆ, ಸಿಪ್ಪೆ ಒಲೆಗೆ. ಮಿಲ್ಲಿನಲ್ಲಿ ಎಣ್ಣೆ ತೆಗೆದ ಹಿಂಡಿ ತಿರುಗಿ ದನದ ಬಾಯಿಗೇ ಬರುತ್ತದೆ, ಈ ಸಲ ದುಡ್ಡು ಕೊಟ್ಟು. ಅಡುಗೆಮನೆಯ ಲೆಕ್ಕವೂ ಹೀಗೆಯೇ. ಹುರುಳಿ ಬೇಯಿಸಿದರೆ ಕಟ್ಟು ಬಸಿದು ಸಾರು, ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಹುರುಳಿ ಕಟ್ಟಿನ ಸಾರು ಮೊದಲ ದಿನಕ್ಕಿಂತ ಎರಡನೇ ದಿನ ರುಚಿ, ಮೂರನೇ ದಿನ ಇನ್ನೂ ರುಚಿ ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ಈ ಮಾತನ್ನು ಮೊದಲು ಹೇಳಿದವರು ತಿನ್ನುವವರೋ ಮಾಡುವವರೋ ಎಂಬ ಅನುಮಾನ ನನಗಿದೆ. ಸೀರೆ ಹಳೆಯದಾದರೆ ಕೌದಿ, ಕೌದಿ ಹಳೆಯದಾದರೆ ಎತ್ತಿನ ಬೆನ್ನು ತಿಕ್ಕುವ ಬಟ್ಟೆ. ಚಳ್ಳಕೆರೆ ಕಡೆಯ ಕರಿ ಕಂಬಳಿ ಒಂದನ್ನು ಕೊಂಡರೆ ಆಯಿತು, ಅದು ಹರಿಯುವುದಿಲ್ಲ. ಆಸ್ತಿ ಪಾಲಾಗುವಾಗ ಅದಕ್ಕೂ ಒಂದು ಜಗಳ ಇದ್ದೇ ಇರುತ್ತದೆ.

ಮಿತವ್ಯಯದ ವಿಷಯ ಬಂದಾಗ ನನಗೆ ಅಶೋಕ ನೆನಪಾಗುತ್ತಾನೆ. ದೂರದಿಂದ ಎಳೆದು ತಂದದ್ದಲ್ಲ, ಅವನು ನಮ್ಮ ತಾಲ್ಲೂಕಿನವನೇ ಎಂಬಷ್ಟು ಹತ್ತಿರ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅವನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ಹೇಳಿ, ಗುರುವಿಗೆ ಮರ್ಯಾದೆ ಕೊಡಿ ಎಂದೆಲ್ಲ ಅಲ್ಲಿ ಬುದ್ಧಿ ಹೇಳಿದ್ದಾನೆ. ಖರ್ಚು ಕಡಿಮೆ ಮಾಡುವುದೂ ಮಿತವಾಗಿ ಕೂಡಿಡುವುದೂ ಒಳ್ಳೆಯದು ಎಂಬರ್ಥದ ಮಾತೂ ಅವನದೇ. ಅದು ಮೂರನೆಯ ಬೃಹತ್ ಶಿಲಾಶಾಸನದಲ್ಲಿದೆ. ಆ ಶಾಸನವನ್ನು ಅತ್ತ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಕೆತ್ತಿಸಿದ, ನಮ್ಮ ಮೂರು ಬಂಡೆಗಳ ಮೇಲೆ ಕೆತ್ತಿಸಲಿಲ್ಲ. ಇತಿಹಾಸಕಾರರು ಇದಕ್ಕೆ ಬೇರೆ ಕಾರಣ ಕೊಡಬಹುದು. ನನ್ನ ಪ್ರಕಾರ, ಬಂದು ನೋಡಿದ ಅಧಿಕಾರಿಗಳು 'ಈ ಜನಕ್ಕೆ ಅದನ್ನು ಹೇಳುವ ಅಗತ್ಯ ಕಾಣುವುದಿಲ್ಲ' ಎಂದು ವರದಿ ಕಳಿಸಿರಬೇಕು. ಕಲ್ಲು ಕೆತ್ತುವ ಕೂಲಿಯಾದರೂ ಉಳಿಯಿತಲ್ಲ. ನಮ್ಮ ಕಡೆಯ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಬರೆದಿದ್ದಾನೆ. ನಮ್ಮ ತಾಲ್ಲೂಕಿನಲ್ಲಿ ಹೆಸರು ಸಿಕ್ಕಿರುವ ಮೊದಲ ಸರ್ಕಾರಿ ನೌಕರ ಅವನೇ ಇರಬೇಕು. ಸಂಬಳ ಪಾಟಲೀಪುತ್ರದಿಂದ ಬರುವುದು ತಡವಾದಾಗ ಅವನು ಯಾರ ಹತ್ತಿರ ಕೈಗಡ ಕೇಳುತ್ತಿದ್ದನೋ!

ಈಗ ಆಸೆಗಳ ದರಪಟ್ಟಿ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಹೆಚ್ಚು ಕೇಳಿದನೆಂದು ಸಂತೆಯನ್ನು ಎರಡು ಸುತ್ತು ಹಾಕುವ ಇದೇ ಜನ ಜಾತ್ರೆ ಬಂದರೆ ಬೇರೆಯೇ ಆಗುತ್ತಾರೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಅದರ ಬೆಲೆ ಆ ವರ್ಷ ಎಷ್ಟಿದೆ ಎಂದು ಯಾರೂ ನೋಡುವುದಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಒಣ ಕೊಬ್ಬರಿಯನ್ನು ರಾಶಿ ರಾಶಿ ಸುಡುತ್ತಾರೆ. ಮನೆಯಲ್ಲಿ ಚಟ್ನಿಗೆ ಕಾಲು ಹೋಳು ಸಾಕೆಂದು ತೀರ್ಪು ಕೊಟ್ಟ ಕೈಯೇ ಅಲ್ಲಿ ಇಡೀ ಗಿಟುಕು ಎಸೆಯುತ್ತದೆ. ತೇರು ಎಳೆಯುವ ಮುಂಚೆ ಮುಕ್ತಿ ಬಾವುಟದ ಹರಾಜು ಲಕ್ಷಗಟ್ಟಲೆಗೆ ಏರುತ್ತದೆ. ಹಾಗೆ ನೋಡಿದರೆ ಆ ಸ್ವಾಮಿ ಸ್ವತಃ ಐದು ಕೆರೆ ಕಟ್ಟಿಸಿದ ಲೆಕ್ಕದ ಮನುಷ್ಯ. ಮಾಡಿದಷ್ಟು ನೀಡು ಭಿಕ್ಷೆ ಎಂದವನು. ನೀರಿಗೆ ಹಾಕಿದ ದುಡ್ಡೇ ದುಡ್ಡು ಎಂಬುದು ಅವನಿಗೆ ಗೊತ್ತಿತ್ತು. ಜಾತ್ರೆಯ ಖರ್ಚಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ವರ್ಷವೆಲ್ಲ ಕಾಸು ಕಾಸು ಎಣಿಸಿದ ಕೈಗೆ ಒಂದು ದಿನ ಎಣಿಸದೆ ಎಸೆಯುವ ಸುಖ ಬೇಡವೇ?

ತಕರಾರಿರುವುದು ಬೋರ್‌ವೆಲ್ ಬಗ್ಗೆ. ಅದು ನೀರಿಗೆ ಹಾಕಿದ ದುಡ್ಡಲ್ಲ, ನೀರು ಇರಬಹುದೆಂಬ ನಂಬಿಕೆಗೆ ಹಾಕಿದ್ದು. ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೊಲ ಸುತ್ತುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾರೆ. ಆಮೇಲೆ ತಮಿಳುನಾಡಿನ ತಿರುಚೆಂಗೋಡಿನ ನೋಂದಣಿಯ ಲಾರಿ ಬರುತ್ತದೆ, ಬಹುಪಾಲು ರಾತ್ರಿಯೇ. ಅಡಿಗೆ ಇಷ್ಟು ಅಂತ ದರ. ಬಿಳಿ ದೂಳು ಹಾರುತ್ತಲೇ ಇರುತ್ತದೆ. ಲೆಕ್ಕ ಹಾಕಿಟ್ಟ ದುಡ್ಡು ಮುಗಿದ ಆಳಕ್ಕೆ ಬಂದಾಗ ಮಿಷನ್ ನಿಲ್ಲಿಸಿ ಮೇಸ್ತ್ರಿ ಮುಖ ನೋಡುತ್ತಾನೆ. ಆಗ ಅಣ್ಣ ಹೇಳುತ್ತಾನೆ, "ಇನ್ನೈವತ್ತಡಿ ಹೋಗ್ಲಿ." ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಐವತ್ತಾದ ಮೇಲೆ ಇನ್ನೊಂದೈವತ್ತು. ಬದುವಿನ ಮೇಲೆ ಸೆರಗು ಮುಚ್ಚಿಕೊಂಡು ಕೂತ ಅತ್ತಿಗೆ ಬೆಂಕಿಕಡ್ಡಿ ಉಳಿಸಲು ಪಕ್ಕದ ಮನೆಯ ಒಲೆಯಿಂದ ಕೆಂಡ ತರುತ್ತಿದ್ದವರ ಸೊಸೆ. ಅವರು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಚಹಕ್ಕೆ ಸಕ್ಕರೆ ಇರಲಿಲ್ಲ, ಅಷ್ಟೇ. ಆಮೇಲೂ ತುಂಬ ದಿನ ಇರಲಿಲ್ಲ.

ಹೆಂಗಸರ ಉಳಿತಾಯ ಗಂಡಸರಿಗೆ ಕಾಣದ ಜಾಗದಲ್ಲಿ ಏಕಿರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಆ ಜಾಗಗಳೆಲ್ಲ ಒಂದೇ ಸಲ ಬಯಲಾದವು. ಸಾಸಿವೆ ಡಬ್ಬಿ, ಕೌದಿಯ ಒಳಮಡಿಕೆ, ದೇವರ ಪಟದ ಹಿಂಬದಿ, ಎಲ್ಲ ಕಡೆಯಿಂದಲೂ ನೋಟುಗಳು ಎದ್ದು ಬಂದವು. ಕಪ್ಪುಹಣ ಎಷ್ಟು ಸಿಕ್ಕಿತೋ ದೊಡ್ಡವರಿಗೆ ಗೊತ್ತು. ನಮ್ಮ ಓಣಿಯಲ್ಲಿ ಗಂಡಂದಿರಿಗೆ ಹೆಂಡತಿಯರ ಯೋಗ್ಯತೆ ಗೊತ್ತಾಯಿತು. ಅದಾದ ಮೇಲೆ ಅತ್ತಿಗೆ ಐನೂರರ ನೋಟು ಕೂಡಿಡುವುದನ್ನೇ ಬಿಟ್ಟರು. ಸ್ವಲ್ಪ ಬಂಗಾರದ ಗುಂಡು, ಸ್ವಲ್ಪ ಸ್ತ್ರೀಶಕ್ತಿ ಸಂಘ, ಸ್ವಲ್ಪ ಗ್ರಾಮೀಣ ಬ್ಯಾಂಕು. ಆ ಬ್ಯಾಂಕಿನದೇ ಒಂದು ಕಥೆ. ಖಾತೆ ತೆರೆದಾಗ ಅದು ಚಿತ್ರದುರ್ಗ ಗ್ರಾಮೀಣ ಬ್ಯಾಂಕು. 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಪ್ರಗತಿಯೂ ಹೋಗಿ ಕೃಷ್ಣನೂ ಹೋಗಿ ಕರ್ನಾಟಕ ಗ್ರಾಮೀಣ ಬ್ಯಾಂಕು ಉಳಿಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಧಾರವಾಡದ ವಿಕಾಸವೂ ಬಂದು ಸೇರಿತು. ಹೆಸರು ಇಷ್ಟು ಸಲ ಬದಲಾದರೂ ಖಾತೆಯಲ್ಲಿರುವ ಮೊತ್ತ ಮಾತ್ರ ಇದ್ದಷ್ಟೇ ಇದೆ ಎಂಬುದು ಅತ್ತಿಗೆಯ ದೂರು.

ನಿಜವಾದ ಬದಲಾವಣೆ ಬಂದದ್ದು 2023ರಲ್ಲಿ. ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಗಸ್ಟ್ 30ರಿಂದ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಗೃಹಲಕ್ಷ್ಮಿಯಿಂದ ರಾಜ್ಯದ ಖಜಾನೆಗೆ ಏನಾಯಿತೆಂದು ಟಿವಿಯಲ್ಲಿ ಜೋರು ಜೋರು ಮಾತು ನಡೆಯುತ್ತದೆ. ಅದನ್ನು ಅವರು ನೋಡಿಕೊಳ್ಳಲಿ. ನಾನು ಕಂಡದ್ದೆಂದರೆ, ವರ್ಷ ಮಾತ್ರ ಇದ್ದ ಮನೆಗೆ ಮೊದಲ ಬಾರಿಗೆ ತಿಂಗಳು ಎಂಬುದು ಬಂತು. ಕಂತು ಕೆಲವು ಸಲ ತಡವಾಗುತ್ತದೆ, ಕೆಲವು ಸಲ ಎರಡು ಒಟ್ಟಿಗೆ ಬೀಳುತ್ತವೆ; ಸಂಬಳದವರಂತೆ ಕಾಯುವುದು, ಗೊಣಗುವುದು ಅತ್ತಿಗೆಗೂ ಬಂತು. ಆ ದುಡ್ಡು ನೇರ ಚೀಟಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ಹೆಂಗಸರು ಸೇರಿ ಕೂಗುತ್ತಾರೆ. ಅವಸರ ಇದ್ದವಳು ಹೆಚ್ಚು ಬಿಟ್ಟುಕೊಟ್ಟು ಎತ್ತುತ್ತಾಳೆ, ಬಿಟ್ಟದ್ದು ಉಳಿದವರಿಗೆ ಹಂಚಿಕೆಯಾಗುತ್ತದೆ. ಇದರ ವಾರ್ಷಿಕ ಬಡ್ಡಿ ಎಷ್ಟು ಬೀಳುತ್ತದೆಂದು ನಾನು ಕಾಗದ ಪೆನ್ನು ಹಿಡಿದು ಕೂತಿದ್ದಾಗ ಅತ್ತಿಗೆ ಹೇಳಿದರು, "ಅದೆಲ್ಲ ಯಾಕಪ್ಪ, ಯಾರ ಮನೇಲಿ ಮದುವೆ ಐತೆ ಅಂತ ಗೊತ್ತಿದ್ರೆ ಸಾಕು. ಆ ತಿಂಗಳು ಸುಮ್ನಿರಬೇಕು." ಷೇರು ಮಾರುಕಟ್ಟೆಯ ದೊಡ್ಡ ತಜ್ಞರು ಇದನ್ನೇ ದಪ್ಪ ಪುಸ್ತಕ ಮಾಡಿ ಮಾರುತ್ತಾರೆ.

ಪುಕ್ಕಟೆ ಬಸ್ಸಿನ ಲೆಕ್ಕ ಇಷ್ಟು ಸರಳವಲ್ಲ. ಬಳ್ಳಾರಿಯಲ್ಲಿ ಪಾತ್ರೆ ಅಗ್ಗ ಎಂದು ಹೋದರೆ ಟಿಕೆಟ್ಟಿನ ದುಡ್ಡು ಉಳಿಯುತ್ತದೆ, ಉಳಿದದ್ದು ಮಂಡಕ್ಕಿ ಮೆಣಸಿನಕಾಯಿಗೆ ಹೋಗುತ್ತದೆ. ಗಡಿ ದಾಟಿದರೆ ಆಂಧ್ರದ ರಾಯದುರ್ಗ ಹತ್ತಿರ, ಬಟ್ಟೆಯೂ ಅಗ್ಗ. ಆದರೆ ನಮ್ಮ ಸರ್ಕಾರದ ಶಕ್ತಿ ಗಡಿಯಲ್ಲೇ ಮುಗಿಯುತ್ತದೆ. ಟಿಕೆಟ್ ಕೊಂಡು ಹೋಗಿ ಅಗ್ಗದ ಲಂಗ ತರುವುದೋ, ಪುಕ್ಕಟೆ ಹೋಗಿ ದುಬಾರಿ ಲಂಗ ತರುವುದೋ ಎಂಬ ಚರ್ಚೆ ಅಂಗಳದಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಡೆಯಿತು. ಕೊನೆಗೆ ಯಾರೂ ಎಲ್ಲಿಗೂ ಹೋಗಲಿಲ್ಲ. ಅದೇ ದೊಡ್ಡ ಉಳಿತಾಯ.

ಈಚೆಗೆ ಶೆಟ್ಟರ ಅಂಗಡಿಗೆ ಮಾತಾಡುವ ಪೆಟ್ಟಿಗೆ ಬಂದಿದೆ. ಫೋನಿನಲ್ಲಿ ದುಡ್ಡು ಹಾಕಿದರೆ ಎಷ್ಟು ಬಂತೆಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ನೂರೈವತ್ತು ಎಂದು ಕೂಗಿದರೆ ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ಚೀಲ ನೋಡುತ್ತಾರೆ. ಈ ಮನೆಯಲ್ಲಿ ಇವತ್ತು ಏನು ವಿಶೇಷ? ಹತ್ತು ಎಂದು ಕೂಗಿದರೂ ತಿರುಗಿ ನೋಡುತ್ತಾರೆ, ಪಾಪ, ಇಷ್ಟೇನಾ? ಉದ್ರಿ ಪುಸ್ತಕ ಎಷ್ಟೋ ಮೇಲು, ಅದಕ್ಕೆ ಬಾಯಿಲ್ಲ. ಮೊಮ್ಮಗ ಫೋನು ತೆಗೆದರೆ ಅತ್ತಿಗೆ ಅವನ ಕೈ ಹಿಡಿದುಕೊಳ್ಳುತ್ತಾರೆ. ಸೊಂಟದ ಎಲೆಯಡಿಕೆ ಚೀಲದಲ್ಲಿ ನೋಟುಗಳಿವೆ, ಖಾತೆಯಲ್ಲಿ ಗೃಹಲಕ್ಷ್ಮಿಯಿದೆ, ಆದರೂ ಶೆಟ್ಟರ ಕಡೆ ಬಾಗಿ ಮೆಲ್ಲಗೆ ಹೇಳುತ್ತಾರೆ, "ಬರಕಳಣ್ಣ. ಶೇಂಗಾ ಬರ್ಲಿ, ಕೊಡಾನ."