ಟೈಮ್‌ಟೇಬಲ್ ಮಾಸ್ತರು

ಇಟಗಿಯ ನಮ್ಮ ಓಣಿಯ ಮಾಸ್ತರು ಸಾಲಿಯಿಂದ ನಿವೃತ್ತರಾಗಿದ್ದಾರೆ, ಟೈಮ್‌ಟೇಬಲ್‌ನಿಂದ ಆಗಿಲ್ಲ. ಯಾವ ಊರಿಗೆ ವರ್ಗವಾದರೂ ಟೈಮ್‌ಟೇಬಲ್ ಹಾಕುವ ಕೆಲಸ ಅವರ ಪಾಲಿಗೇ ಬರುತ್ತಿತ್ತು. ಬರದಿದ್ದರೆ ಕೇಳಿ ಇಸಿದುಕೊಳ್ಳುತ್ತಿದ್ದರು. ಈಗ ಗಂಟೆಯಿಲ್ಲ, ಪಿರಿಯಡ್ ಇಲ್ಲ. ಆದರೂ ಅವರ ಪಡಸಾಲೆಯ ಗೋಡೆಗೆ ಅಡ್ಡಗೆರೆ ಉದ್ದಗೆರೆ ಎಳೆದ ಒಂದು ಹಾಳೆ ತೂಗುತ್ತಲೇ ಇರುತ್ತದೆ. ನಳ ಬರುವ ದಿನ, ಕರೆಂಟು ಹೋಗುವ ವೇಳೆ, ಬಿ.ಪಿ. ಗುಳಿಗೆ, ಯಾರ ಮನೆಗೆ ಎಷ್ಟು ಮುಯ್ಯಿ, ಎಲ್ಲಕ್ಕೂ ಅದರಲ್ಲಿ ಜಾಗ ಉಂಟು. ಮದುವೆಗೆ ಹೋದರೆ ಅಕ್ಕಿಕಾಳಿಗಿಂತ ಮೊದಲು ಪಂಕ್ತಿಯ ಲೆಕ್ಕ ಹಾಕುತ್ತಾರೆ. ಮಣ್ಣಿಗೆ ಹೋದರೆ "ಎಷ್ಟಕ್ಕ ಎತ್ತೂದು?" ಎಂದು ವಾಚು ನೋಡುತ್ತಾರೆ. ಇಂಥವರು ಊರಿಗೊಬ್ಬರು ಇರುತ್ತಾರೆ. ಅವರಿಲ್ಲದಿದ್ದರೆ ಜಾತ್ರೆಯ ತೇರು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲವೆಂದು ಅವರ ನಂಬಿಕೆ. ಅವರಿದ್ದರೂ ಹೊರಡುವುದಿಲ್ಲ, ಆ ಮಾತು ಬೇರೆ.

ಈ ಬೇಸಿಗೆಯಲ್ಲಿ ಅವರಿಗೊಬ್ಬ ಹೊಸ ವಿದ್ಯಾರ್ಥಿನಿ ಸಿಕ್ಕಳು. ಬೆಂಗಳೂರಿನ ಮಗ-ಸೊಸೆ ಮಕ್ಕಳನ್ನು ಕಟ್ಟಿಕೊಂಡು ಕಾಶ್ಮೀರಕ್ಕೆ ಹೊರಟಾಗ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಇಟಗಿಗೆ ತಂದು ಬಿಟ್ಟರು. ಹೆಸರು ಡೈಸಿ. ತಂಪಿನ ನಾಡಿಗೆ ಮನುಷ್ಯರು, ಬಿಸಿಲ ನಾಡಿಗೆ ನಾಯಿ, ಹಂಚಿಕೆ ಹೀಗೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೊರೆಯುವ ನೀರಿನಲ್ಲಿ ಮೀನುಗಾರರ ಬಲೆ ಎಳೆದುಕೊಡುತ್ತಿದ್ದ ನಾಯಿಗಳ ವಂಶದ ಈ ಪ್ರಾಣಿ, ನಲವತ್ತು ಡಿಗ್ರಿ ದಾಟುವ ಕೊಪ್ಪಳ ಜಿಲ್ಲೆಯ ಬೇಸಿಗೆಯಲ್ಲಿ ಮಾಸ್ತರ ಪಡಸಾಲೆಯ ಕಡಪಾ ಕಲ್ಲಿಗೆ ಹೊಟ್ಟೆ ಹಚ್ಚಿ, ನಾಲಿಗೆ ಹೊರಗೆ ಚೆಲ್ಲಿ ಮಲಗಿಬಿಟ್ಟಿತು. ಕಾರು ಹತ್ತುವಾಗ ಸೊಸೆ ಅಂದಳು: "ಮಾವಾ, ಮನ್ಯಾಗ ಕುಂತು ಇದಕ್ಕ ಬ್ಯಾಸರಾಕ್ಕೈತಿ. ಒಂದಿನ ಎಲ್ಲೆರ ಅಡ್ಡಾಡಿಸಿಕೊಂಡು ಬರ್ರಿ. ಫೋಟೋ ಕಳಸ್ರಿ."

ಮಾಸ್ತರು ಅವತ್ತೇ ಅಂಗಡಿಗೆ ಹೋಗಿ ನೂರು ಪುಟದ ನೋಟ್‌ಬುಕ್ ತಂದರು.

ಮೊದಲನೆಯ ಪುಟದಲ್ಲಿ ಆನೆಗೊಂದಿ. ಸಾಣಾಪುರದ ಕೆರೆ, ತುಂಗಭದ್ರೆಯ ದಂಡೆ, ಬಂಡೆಗಳ ನೆರಳು. ನೀರು ಕಂಡರೆ ಲ್ಯಾಬ್ರಡಾರಿಗೆ ಜೀವ ಬರುತ್ತದೆ, ಅದರ ಕಾಲ್ಬೆರಳ ನಡುವೆ ಚರ್ಮವಿರುವುದೇ ಈಜಲಿಕ್ಕೆ ಎಂದು ಓದಿ ಹೇಳಿದರು. ಒಳಗಿನಿಂದ ಅಕ್ಕಾರ ದನಿ ಬಂತು. ಮಾಸ್ತರ ಹೆಂಡತಿಗೆ ಓಣಿಯೆಲ್ಲ ಅನ್ನುವುದು ಅಕ್ಕಾರು ಎಂದೇ.

"ಆನೆಗೊಂದಿಯಿಂದ ಹೊಳಿ ದಾಟಿದ್ರ ಹಂಪಿ. ಹಂಪಿ ತೋರಸ್ರಿ ಅಂತ ಮದವಿ ಆದಾಗಿಂದ ಬಡಕೊಳ್ಳಾಕತ್ತೀನಿ. ನಾಯಿಗೆ ಹೊಳಿದಂಡಿ, ನನಗ ಒಲಿದಂಡಿ!"

"ಹಂಪಿ ಅಂದ್ರ ಸುಮ್ಮ ಆತೇನು? ಅದಕ್ಕ ದೊಡ್ಡ ಪ್ಲ್ಯಾನ್ ಬೇಕಾಕ್ಕೈತಿ" ಎಂದು ಮಾಸ್ತರು ಕುಕನೂರಿಗೆ ಹೋದರು. ಬಸ್ಸಿನಲ್ಲಿ ನಾಯಿಯನ್ನು ಒಯ್ಯುವುದು ಹೇಗೆಂದು ವಿಚಾರಿಸಬೇಕಿತ್ತು. ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಎಲ್ಲವನ್ನೂ ಸಾವಧಾನದಿಂದ ಕೇಳಿ, "ಗಂಡೋ ಹೆಣ್ಣೋ ಮಾಸ್ತರ?" ಅಂದ.

"ಹೆಣ್ಣು."

"ಹಂಗಾರ ಶಕ್ತಿ ಯೋಜನಾದಾಗ ಫ್ರೀ ಆತಲ್ರೀ. ಆಧಾರ್ ಕಾರ್ಡ್ ಒಂದ್ ತರ್ರಿ."

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾದಾಗಿನಿಂದ ಕಂಡಕ್ಟರುಗಳ ಹಾಸ್ಯಪ್ರಜ್ಞೆ ಬಲಗೊಂಡಿದೆ ಎಂಬುದು ನನ್ನ ಅನುಭವ. ಮಾಸ್ತರು ಮಾತ್ರ ನಗಲಿಲ್ಲ. ನೋಟ್‌ಬುಕ್ ತೆಗೆದು "ಗುರುತಿನ ಚೀಟಿ: ಇಲ್ಲ" ಎಂದು ಬರೆದುಕೊಂಡು ಬಂದರು.

ಎರಡನೆಯ ಯೋಜನೆ ಇನ್ನೂ ಘನವಾದದ್ದು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮವಿದೆ. ಗುಡ್ಡ, ಕುರುಚಲು ಕಾಡು, ಅದರಲ್ಲಿ ತೋಳಗಳ ಸಂಸಾರ. ನಾಯಿಯ ಮೂಲ ತೋಳವೇ ಆದ್ದರಿಂದ ಡೈಸಿಗೆ ಅದು ತವರುಮನೆ ಎಂದು ಮಾಸ್ತರು ತೀರ್ಮಾನಿಸಿದರು. ಹೋಗುವ ಮುಂಚೆ ಒಮ್ಮೆ ತೋರಿಸಿಕೊಂಡು ಬರೋಣವೆಂದು ಪಶು ಆಸ್ಪತ್ರೆಗೆ ಒಯ್ದರೆ, ಡಾಕ್ಟರು ಸ್ಟೆತಸ್ಕೋಪು ಕೆಳಗಿಟ್ಟರು.

"ಮಾಸ್ತರ, ಧಾಮದೊಳಗ ಸಾಕಿದ ನಾಯಿ ಬಿಡಂಗಿಲ್ಲ. ನಾಯಿಯಿಂದ ತೋಳಕ್ಕ ರೇಬೀಸು, ಡಿಸ್ಟೆಂಪರು ಹತ್ತತಾವ. ಅದೂ ಅಲ್ದ, ಹಸದ ತೋಳಕ್ಕ ಬೀಗಸ್ತನ ತಿಳಿಯಂಗಿಲ್ರೀ."

ಆಮೇಲೆ ಡಾಕ್ಟರು ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿದರು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವ ಅನುಕೂಲವಿಲ್ಲ. ತೇಕಿಯೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ಅಡ್ಡಾಟವೇನಿದ್ದರೂ ಬೆಳಗಿನ ಎಂಟರೊಳಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಕುಡಿಯುವ ನೀರು ಸದಾ ಜತೆಗಿರಬೇಕು. ವಿಪರೀತ ತೇಕು, ಅಂಟಂಟಾದ ಜೊಲ್ಲು, ಕೆಂಪೇರಿದ ವಸಡು, ತಡವರಿಸುವ ಕಾಲು ಕಂಡರೆ ಉಷ್ಣಾಘಾತ: ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ, ಆಸ್ಪತ್ರೆಗೆ ಓಡಿಸಿ. ತುಪ್ಪಳ ದಟ್ಟವಾಗಿದೆಯೆಂದು ಬೋಳಿಸಬೇಡಿ, ಬಿಸಿಲನ್ನು ತಡೆಯುವುದೂ ಅದೇ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕಲೇಟು ಬೇಡವೇ ಬೇಡ. ಮುಖ್ಯವಾಗಿ ನೆಲ ನೋಡಿಕೊಳ್ಳಿ. ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ನೆಲಕ್ಕೆ ಹಚ್ಚಿ ಇಡಲಾಗದಿದ್ದರೆ ಅದರ ಮೇಲೆ ನಾಯಿಯನ್ನು ನಡೆಸಬಾರದು.

ಈ ಕೊನೆಯ ಮಾತು ಮಾಸ್ತರಿಗೆ ಹಿಡಿಸಿದ ಪರಿ ಹೇಳತೀರದು. ಅಳೆದು, ವೇಳೆ ಹಾಕಿ, ಕಾಲಂ ತುಂಬಬಹುದಾದ ಸಂಗತಿ! ಮರುದಿನ ಮಟಮಟ ಮಧ್ಯಾಹ್ನ ತಲೆಗೆ ಟವೆಲ್ ಸುತ್ತಿಕೊಂಡು, ಬಗಲಲ್ಲಿ ನೋಟ್‌ಬುಕ್ ಹಿಡಿದು, ಡಾಂಬರು ರಸ್ತೆಯ ನಡುವೆ ಕುಕ್ಕರಗಾಲಲ್ಲಿ ಕೂತರು. ಎಡಗೈಯ ವಾಚು ಕಣ್ಣ ಮುಂದೆ, ಬಲಗೈ ಮಗುಚಿ ನೆಲದ ಮೇಲೆ. "ಒಂದು... ಎರ..." ಅಷ್ಟರಲ್ಲಿ ಕೈ ಕಿತ್ತುಕೊಂಡು ಬೆರಳು ಬಾಯಿಗಿಟ್ಟರು. "1.5 ಸೆಕೆಂಡು" ಎಂದು ಬರೆದರು. ಅಲ್ಲಿಂದ ಬೇವಿನಮರದ ಬುಡ, ಅಗಸಿ ಕಟ್ಟೆ, ಗುಡಿಯ ದಾರಿಯ ಹಾಸುಗಲ್ಲು. ನೀರಿನ ಕೊಡ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ನಿಂತು, "ಏನ್ ಕಳಕೊಂಡೀಯೋ ತಮ್ಮಾ, ಬಂಗಾರೇನು?" ಎಂದು ತಾನೂ ಬಗ್ಗಿ ಹುಡುಕತೊಡಗಿದಳು. ಸಂಜೆಯಾಗುವಷ್ಟರಲ್ಲಿ ಮಾಸ್ತರ ಬಂಗಾರದ ಉಂಗುರ ಕಳೆದಿದೆಯೆಂದು ಊರಿಗೆಲ್ಲ ಸುದ್ದಿಯಾಗಿ, ಮೂವರು ಹುಡುಗರು ಅಗಸಿಯ ಹತ್ತಿರ ಮಣ್ಣು ಕೆದರುತ್ತಿದ್ದರು.

ಈ ಸಂಶೋಧನೆಯಿಂದ ಪ್ರವಾಸದ ದೂರ ಕಡಿಮೆಯಾಗುತ್ತ ಬಂತು, ಸಾಮಾನಿನ ಪಟ್ಟಿ ಬೆಳೆಯುತ್ತ ಹೋಯಿತು. ಕೊನೆಗೆ ಗೊತ್ತಾದ ಸ್ಥಳ, ಮನೆಯಿಂದ ಕೂಗಳತೆಯಲ್ಲಿರುವ ನಮ್ಮೂರ ಮಹಾದೇವ ದೇವಾಲಯ. ದೂರದೂರದವರು ಕಾರು ಮಾಡಿಕೊಂಡು ಬಂದು ನೋಡುವ ಗುಡಿ. ನಾವು ಊರವರು ಬೀಗರು ಬಂದಾಗ ಮಾತ್ರ ನೋಡುತ್ತೇವೆ. ಪಟ್ಟಿಯಲ್ಲಿ ನೀರಿನ ಕ್ಯಾನು, ಹಿತ್ತಾಳೆ ಬುಟ್ಟಿ, ಹಸಿ ಮಾಡಿದ ಎರಡು ಟವೆಲ್, ಬೀಸಣಿಗೆ, ಕೊಡೆ, ಕೌದಿ, ಡೈಸಿಗೆ ಒಗ್ಗರಣೆಯಿಲ್ಲದ ಮೊಸರನ್ನ, ಮನುಷ್ಯರಿಗೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಇಷ್ಟನ್ನು ಹೊರಲಾರದೆ ಟಂಟಂ ಮಾಡಿದರು. ಫೋಟೋ ತೆಗೆಯಲು ನನ್ನನ್ನು ನೇಮಿಸಿದರು. ದಿನಚರಿಯ ಒಂದು ಪ್ರತಿ ನನಗೂ ಕೊಟ್ಟರು. "5.30 ಎಚ್ಚರ. 5.40 ಬಹಿರ್ದೆಸೆ. 6.00 ಪ್ರಯಾಣ. 6.05 ತಲುಪುವುದು. 6.10 ದೇವಾಲಯದ ಇತಿಹಾಸ. 7.00 ಫೋಟೋ. 7.10ರಿಂದ 7.30 ಸಂತೋಷಪಡುವುದು."

ಐದೂವರೆಗೆ ಎಚ್ಚರವಾದದ್ದು ನಿಜ, ಆದರೆ ಡೈಸಿಗಲ್ಲ. ಅದು ಕಣ್ಣು ಬಿಟ್ಟು, ಮೈಮುರಿದು, ಓಣಿಯ ಆಡುಗಳಿಗೆಲ್ಲ ಮುಖ ತೋರಿಸಿ ಟಂಟಂ ಹತ್ತುವಷ್ಟರಲ್ಲಿ ಏಳಾಗಿತ್ತು. ಟಂಟಂನವ ಗೇರು ಬದಲಿಸುವ ಮೊದಲೇ ಗುಡಿ ಬಂತು.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ. ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ತರುವಂತಿಲ್ಲ, ಅಪ್ಪಣೆಯಿಲ್ಲದೆ ಬುತ್ತಿ ಬಿಚ್ಚುವಂತಿಲ್ಲ. 1959ರಿಂದ ಇರುವ ನಿಯಮ. ಅವನ ಮಾತು ನೂರಕ್ಕೆ ನೂರು ಸರಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಚಕ್ರವರ್ತಿಯ ಆಸ್ಥಾನಕ್ಕೆ ಮೊಸರನ್ನದ ಡಬ್ಬಿ ಸಮೇತ ನಾಯಿ ನುಗ್ಗಿದರೆ ಹೇಗೆ? ಅದೂ ಬಳಪದ ಕಲ್ಲಿನಲ್ಲಿ ಬೆರಳ ಉಗುರಿನಷ್ಟು ಸಣ್ಣ ಕೆತ್ತನೆ ಮಾಡಿಟ್ಟ ಕಂಬಗಳ ನಡುವೆ. ಆದರೆ ಮಾಸ್ತರಿಗೆ ಅದು 'ಇತಿಹಾಸ'ದ ಪಿರಿಯಡ್. ಅಲ್ಲೇ ಪಾಠ ಶುರುವಾಯಿತು.

"ನೋಡಪಾ, ಮಂಡ್ಯದ ಕಡೆ ಆತಕೂರು ಅಂತ ಐತಿ. ತಕ್ಕೋಲದ ಯುದ್ಧ ಆತಲಾ, 949ರಾಗ? ಅದರಾಗ ಶೌರ್ಯ ತೋರಿಸಿದ್ದಕ್ಕ ಗಂಗರ ಬೂತುಗ, ಮಣಲೇರಗ 'ಏನ್ ಬೇಕು ಕೇಳು' ಅಂದ. ಅವ ಊರು ಕೇಳಲಿಲ್ಲ, ಬಂಗಾರ ಕೇಳಲಿಲ್ಲ. 'ನಿಮ್ಮ ಕಾಳಿ ಅನ್ನೋ ನಾಯಿ ಕೊಡ್ರಿ' ಅಂದ. ಆ ನಾಯಿ ಕಾಡಹಂದಿ ಕೂಡ ಬಡದಾಡಿ ಎರಡೂ ಸತ್ತು ಬಿದ್ವು. ಮಣಲೇರ ಅದಕ್ಕ ಕಲ್ಲು ನಿಲ್ಲಿಸಿದ. ಕಲ್ಲಿಗೆ ಪೂಜಿ ಮಾಡದ ಉಂಡ್ರ ಪೂಜಾರಿಗೆ ಪಾಪ ಅಂತ ಬರಸಿದ. ಕಲ್ಲು ಈಗೂ ಬೆಂಗಳೂರು ಮ್ಯೂಸಿಯಂದಾಗ ಐತಿ. ನಾಯಿಗೆ ಶಾಸನ ಹಾಕಿಸಿದ ನಾಡಿನಾಗ ನಮ್ಮ ಡೈಸಿಗೆ ಗೇಟು ದಾಟಾಕ ಬಿಡಂಗಿಲ್ಲೇನು?"

ಕಾವಲುಗಾರ ಡೈಸಿಯನ್ನು ಮೇಲಿಂದ ಕೆಳಗೆ ನೋಡಿದ. ಅದು ಅವನ ಬೂಟಿನ ಮೇಲೆ ಗದ್ದ ಊರಿ ಮಲಗಿತ್ತು.

"ಕಾಳಿ ಹಂದಿ ಹೊಡದಿತ್ರೀ ಸರ. ಇದೇನ್ ಹೊಡದೈತ್ರೀ?"

"ಅರ್ಧ ಕಿಲೋ ಬಿಸ್ಕೀಟು" ಎಂದರು ಅಕ್ಕಾರು, ಟಂಟಂನಿಂದ ಇಳಿಯುತ್ತ. "ನೀವು ಮಾತಾಡ್ರಿ. ನಾ ಒಳಗ ಹೋಗಿ ಗುಡಿ ನೋಡಿ ಬರ್ತೀನಿ." ಹೋದರು. ಪುಷ್ಕರಣಿಯ ಮೆಟ್ಟಿಲಿಳಿದು, ಮಂಟಪದ ಕಂಬಕಂಬಕ್ಕೂ ಸುತ್ತುಹಾಕಿ, ನೆರಳಲ್ಲಿ ಕೂತು, ಸಾವಕಾಶವಾಗಿ ಬಂದರು. ದಿನಚರಿಯಲ್ಲಿ ಅವರಿಗೆಂದು ಒಂದು ನಿಮಿಷವನ್ನೂ ಬರೆದಿರಲಿಲ್ಲ. ಅಂದು ಪ್ರವಾಸ ಮಾಡಿದವರು ಅವರೊಬ್ಬರೇ.

ಇತ್ತ ಎಂಟೂವರೆಯ ಬಿಸಿಲು ಚುರುಗುಟ್ಟತೊಡಗಿತ್ತು. ಮಾಸ್ತರು ಬಗ್ಗಿ ನೆಲಕ್ಕೆ ಕೈ ಹಚ್ಚಿ "ನಾಕು ಸೆಕೆಂಡು!" ಎಂದು ಕೂಗಿದ ರಭಸಕ್ಕೆ ಹಗ್ಗ ಕೈಬಿಟ್ಟಿತು. ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ಡೈಸಿ ಆ ಸದ್ದಿನ ಕಡೆ ಹೋಯಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಎರಡು ಎಮ್ಮೆಗಳ ನಡುವೆ, ಕಾಲುವೆಯ ಕೆಸರಿನಲ್ಲಿ ಕುತ್ತಿಗೆತನಕ ಮುಳುಗಿ, ಬಾಯಿ ಅರ್ಧ ತೆರೆದು ಕಣ್ಣು ಮುಚ್ಚಿತ್ತು. ಎಮ್ಮೆಗಳು ಸರಿದು ಜಾಗ ಕೊಟ್ಟಿದ್ದವು. ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ಬದುವಿನ ಮೇಲೆ ನಿಂತು, "ಮಾಸ್ತರ, ಇದ ರೊಕ್ಕಕ್ಕ ಮುಧೋಳ ನಾಯಿ ಬರ್ತಿತ್ತಲ್ರೀ, ಗಾಳಿ ಹಂಗ ಓಡ್ತಿತ್ತು" ಎಂದ. 2005ರಲ್ಲಿ ಅಂಚೆಚೀಟಿಗೇರಿದ ಆ ತಳಿಯ ಚರಿತ್ರೆ ಮಾಸ್ತರಿಗೆ ಬಾಯಿಪಾಠ. ಆದರೆ ಅವರ ಚಿಂತೆ ಬೇರೆ ಇತ್ತು. ವಾಚು ನೋಡಿ, ನೋಟ್‌ಬುಕ್ ನೋಡಿ, "ಸಂತೋಷಪಡೋದು ಒಂದು ತಾಸು ಲೇಟಾತು" ಎಂದರು.

ಫೋಟೋ ಕಾಶ್ಮೀರಕ್ಕೆ ಹೋಯಿತು. "ಅಪ್ಪಾ, ಎಮ್ಮೆ ಚೊಲೋ ಬಂದಾವ, ಡೈಸಿ ಎಲ್ಲೈತಿ?" ಎಂದು ಮಗ ಕೇಳಿದನಂತೆ.

ಮರುದಿನ ಹೊತ್ತಾರೆ ನಾನು ಮಾಸ್ತರ ಮನೆಗೆ ಹೋದಾಗ ಗೋಡೆಗೆ ಹೊಸ ಹಾಳೆ ಹತ್ತಿತ್ತು. ತಲೆಬರಹ: "ಹಂಪಿ. ಪ್ರವಾಸಿಗರು: ಮನೆಯವರು." ಅಕ್ಕಾರು ಚಷ್ಮಾ ಏರಿಸಿಕೊಂಡು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಮುಂಜಾನೆ ಎಂಟರೊಳಗೆ ಅಡ್ಡಾಟ ಮುಗಿಸುವುದು. ತಾಸಿಗೊಮ್ಮೆ ನೆರಳು. ಹಸಿ ಟವೆಲ್ ಎರಡು. ಓದುತ್ತ ಓದುತ್ತ ಅವರ ಮುಖ ಅರಳುತ್ತಿತ್ತು. ಆಮೇಲೆ ದನಿ ಬದಲಾಯಿತು.

"ಅಲ್ರೀ, ನನಗ ಉಳ್ಳಾಗಡ್ಡಿ ಯಾಕ ಕೊಡಬಾರದು?"

ಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. "ತಡಿ, ಅದನ್ನ ಹೊಡದಹಾಕೋದು ಉಳದೈತಿ. ಅದರ ಕೆಳಗ ಹಗ್ಗ ಅಂತೂ ಐತಿ, ಅದನ್ನೂ ತಗೀತೀನಿ."